ನೀಲಮ್ಮ ಟೀಚರಿಗೆ ನಾನು ಹೇಳದ ಮಾತು

ಟಿಂಚರ್ ಬಾಟಲಿಯ ಮುಚ್ಚಳ ತೆಗೆಯುವ ಮೊದಲು ನೀಲಮ್ಮ ಟೀಚರು ಬಿದ್ದು ಬಂದ ಹುಡುಗಿಯ ಗಲ್ಲ ಹಿಡಿದು ತಮ್ಮತ್ತ ತಿರುಗಿಸಿಕೊಳ್ಳುತ್ತಿದ್ದರು. "ಉರೀತೈತಿ ನೋಡವಾ. ಸುಳ್ಳ ಹೇಳಂಗಿಲ್ಲ. ಹತ್ತು ಎಣಸೂತನಕ ಉರೀತೈತಿ, ಆಮ್ಯಾಲ ಇಲ್ಲ." ಸುರಪುರದ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಆಟದ ಟೀಚರು, ನಾನು ಗಣಿತದವಳು. ಮಂಡಿ ತರಚಿಕೊಂಡವರೆಲ್ಲ ಅವರ ಹತ್ತಿರವೇ ಓಡುತ್ತಿದ್ದರು. "ಏನೂ ಆಗಂಗಿಲ್ಲ" ಎನ್ನುವ ನನ್ನ ಹತ್ತಿರ ಯಾರೂ ಬರುತ್ತಿರಲಿಲ್ಲ.

ಐವತ್ತರ ಹತ್ತಿರ ಬಂದರೂ ಖೋಖೋದಲ್ಲಿ ಹುಡುಗಿಯರ ಜೊತೆ ಓಡುತ್ತಿದ್ದವರು ಒಂದು ದಿನ ಅರ್ಧದಲ್ಲೇ ಏದುಸಿರು ಬಿಡುತ್ತ ಕಂಬ ಹಿಡಿದು ನಿಂತರು. ಚಿಕ್ಕಂದಿನ ಕೀಲುನೋವಿನ ಜ್ವರ ಹೃದಯದ ಕವಾಟ ಕೆಡಿಸಿದೆಯೆಂದು ಯಾದಗಿರಿಯಲ್ಲಿ ಗೊತ್ತಾಯಿತು. ಆಪರೇಷನ್ನಿಗೆ ಹೈದರಾಬಾದಿಗೆ ಹೋಗಬೇಕಿತ್ತು. ಒಂಟಿಯಾಗಿದ್ದ ಅವರ ಜೊತೆ ನಾನು ಹೊರಟೆ. ನನ್ನ ತವರು ಗುರುಮಠಕಲ್ ಕಡೆ, ತೆಲುಗು ಬರುತ್ತದೆ.

ಡಾಕ್ಟರು ತೆಲುಗಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದರು. ಹೃದಯ ನಿಲ್ಲಿಸಿದಾಗ ರಕ್ತ ಯಂತ್ರದ ನಳಿಕೆಗಳಲ್ಲಿ ಸುತ್ತಿ ಬರುತ್ತದೆ. ಅದನ್ನು ದೇಹ ವೈರಿಯ ದಾಳಿ ಎಂದು ತಿಳಿದು ಸಿಡಿದೇಳುತ್ತದೆ. ಹೆಚ್ಚಿನವರಿಗೆ ಒಂದಿಷ್ಟು ಜ್ವರ, ಬಾವು. ಕೆಲವರಿಗೆ ಮಾತ್ರ ಶ್ವಾಸಕೋಶದಲ್ಲಿ ನೀರು ತುಂಬಿ, ಎಷ್ಟೋ ದಿನ ಯಂತ್ರದ ಉಸಿರೇ ಗತಿಯಾಗಬಹುದು. "ಇದನ್ನು ಅವರಿಗೆ ಸರಿಯಾಗಿ ತಿಳಿಸಿ" ಎಂದರು.

ಟೀಚರು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಏನಂತಾರ?"

"ಹೊಸಾ ವಾಲ್ವ್ ಹಾಕ್ತಾರಂತ್ರಿ. ನಾಕ ದಿನಕ್ಕ ಎದ್ದು ಓಡ್ಯಾಡ್ತೀರಂತ."

"ಮತ್ತ ಇಷ್ಟೊತ್ತು ಮಾತಾಡಿದ್ರಲ್ಲ?"

"ಎಲ್ಲಾ ಅದೇ ರೀ."

ಕೇಳಿದರೆ ಆಪರೇಷನ್ನೇ ಬೇಡವೆಂದಾರು ಎಂಬ ಭಯ ನನಗೆ. ಅವರು ನನ್ನ ಮಾತು ನಂಬಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಕವಾಟ ಚೆನ್ನಾಗಿಯೇ ಕೂತಿತು. ಮೈ ಮಾತ್ರ ಸಿಡಿದೆದ್ದಿತು. ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತು, ಜ್ವರ ಇಳಿಯಲಿಲ್ಲ, ಒಂಬತ್ತು ದಿನ ಗಂಟಲಲ್ಲಿ ನಳಿಕೆ. ನಡುನಡುವೆ ಎಚ್ಚರವಾದಾಗಲೆಲ್ಲ, ಯಾರೋ ಏನೋ ತಪ್ಪು ಮಾಡಿದ್ದಾರೆ, ನಾನು ಸಾಯುತ್ತಿದ್ದೇನೆ ಎಂದೇ ನಂಬಿದ್ದರಂತೆ.

ನಳಿಕೆ ತೆಗೆದ ಮೇಲೆ, ಹೀಗೇಕಾಯಿತೆಂದು ಕನ್ನಡ ಬಲ್ಲ ನರ್ಸೊಬ್ಬಳನ್ನು ಕೇಳಿದ್ದಾರೆ. "ಹಿಂಗ ಆಗಬಹುದಂತ ಡಾಕ್ಟರು ಮೊದಲ ಹೇಳ್ಯಾರಲ್ರಿ, ನಿಮ್ಮ ಮುಂದನ" ಎಂದು ಅವಳು ಎಲ್ಲವನ್ನೂ ಬಿಡಿಸಿ ಹೇಳಿದ್ದಾಳೆ.

ನಾನು ಒಳಗೆ ಹೋದಾಗ ಅವರ ದನಿ ಇನ್ನೂ ಒಡೆದೇ ಇತ್ತು. "ನನ್ನ ಮೈ ತಿಳೀಲಾರದ ನನ್ನ ಮ್ಯಾಲ ಬಿತ್ತು. ಪಾಪ, ಅದಕ್ಕೇನ್ ಗೊತ್ತಿತ್ತು? ನಿನಗ ಗೊತ್ತಿತ್ತಲ್ಲ."

"ನಿಮಗ ಅಂಜಿಕಿ ಆಗಬಾರದಂತ..."

"ಅಂಜಿಕಿ ನಂದು. ಅದನ್ನ ನೀ ಯಾಕ ಕಸಗೊಂಡಿ?"

ಮರುದಿನದಿಂದ ನರ್ಸ್‌ಗಳನ್ನೇ ಕರೆದರು, ನನ್ನನ್ನು ಕರೆಯಲಿಲ್ಲ. ಗುಣವಾದ ಮೇಲೆ ಶಹಾಪುರಕ್ಕೆ ವರ್ಗ ಮಾಡಿಸಿಕೊಂಡರು.

ಹೋದ ವರ್ಷ ಶಹಾಪುರದ ಬಸ್ ನಿಲ್ದಾಣದಲ್ಲಿ ಕಂಡರು. ಭಾರದ ಚೀಲ ಹೊತ್ತಿದ್ದರೂ ಏದುಸಿರಿರಲಿಲ್ಲ. ನಾನು ಎದ್ದು ನಿಂತೆ.

"ಆರಾಮ ಅದೀರೇನ್ರಿ ಮೇಡಂ?" ಎಂದು ನಗುತ್ತಲೇ ಕೇಳಿದರು. ಹದಿನಾರು ವರ್ಷ ನನ್ನನ್ನು 'ನೀ' ಎಂದವರು.

ಯಾದಗಿರಿ ಬಸ್ಸು ಬಂತು. ನಾನು ಅವರ ಹಿಂದೆಯೇ ಹತ್ತಿದೆ. ಅವರ ಪಕ್ಕದ ಸೀಟು ಖಾಲಿಯಿತ್ತು. ಟೀಚರು ಅದರ ಮೇಲೆ ಚೀಲ ಇಟ್ಟು, ಕಿಟಕಿಯತ್ತ ತಿರುಗಿದರು.