ಹೂಂ ಅಂದರೆ ಮೊಲ ಸಾಯುತ್ತದೆ

ಮಗಳ ಆ ಟೀಚರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ. ಪಾಠ ಹೇಳುವವರನ್ನು ‘ಅವರು’ ಎಂದು ಕರೆಯುವುದು ನಾನು ಬೆಳೆದ ಮನೆಯ ಪದ್ಧತಿ, ಒಂದು ಕಾಲಕ್ಕೆ ನಾನೂ ಟೀಚರಾಗಿದ್ದವಳೇ. ಆದರೂ ಇವಳಿಗೆ ಆ ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ. ಅವಳ ಸ್ವೆಟರಿನ ಮೇಲೆ ಹೊಲಿದಿದ್ದ ಕೆಂಪು ಸೇಬು, ಮಾತಿಗೊಮ್ಮೆ ‘ವಂಡರ್‌ಫುಲ್’ ಎನ್ನುವ ಚಾಳಿ, ಕೆಟ್ಟ ಸುದ್ದಿ ಹೇಳುವ ಮೊದಲು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವ ರೀತಿ, ಎಲ್ಲವೂ ಮೊನ್ನೆ ನೋಡಿದ ಹಾಗಿದೆ.

ಅದು ಡಾಟ್‌ಕಾಮ್ ಕಂಪನಿಗಳು ದಿನಕ್ಕೊಂದು ಹುಟ್ಟುತ್ತಿದ್ದ ಕಾಲ. ನಾವು ನೆವಾರ್ಕಿನ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಬೆಳಗಾಗುತ್ತಲೇ ಸೇತುವೆ ದಾಟಿ ಸ್ಯಾನ್ ಮಟಿಯೋದ ಆಫೀಸಿಗೆ ಹೋಗುತ್ತಿದ್ದರು. ಆ ಕಂಪನಿ ಏನು ಮಾರುತ್ತದೆ ಎಂದು ಕೇಳಿದರೆ ಅವರು ಕೊಡುತ್ತಿದ್ದ ಉತ್ತರ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಮನೆಗೆ ಮಾತ್ರ ಕಂಪನಿಯ ಹೆಸರು ಬರೆದ ಟೀ ಶರ್ಟುಗಳು ಬರುತ್ತಲೇ ಇದ್ದವು, ಅವುಗಳಲ್ಲಿ ನಾನು ಒಲೆ ಒರೆಸುತ್ತಿದ್ದೆ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಾಸನದ ಹತ್ತಿರದ ಒಂದು ಶಾಲೆಯಲ್ಲಿ ಆರು ವರ್ಷ ಮಕ್ಕಳನ್ನು ಆಳಿದವಳು ಇಲ್ಲಿ ಫ್ರೀವೇಯ ಸದ್ದು ಕೇಳುತ್ತಾ ಬಟ್ಟೆ ಮಡಚುತ್ತಿದ್ದೆ. ನನ್ನ ಸಿಟ್ಟಿಗೆ ಇದೂ ಒಂದು ಕಾರಣ ಇರಬಹುದು. ಇದ್ದರೆ ಇರಲಿ.

ನಾನು ಪಾಠ ಮಾಡುತ್ತಿದ್ದದ್ದು ಕತೆಯಲ್ಲಿ. ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟದ್ದಲ್ಲ. ಒಂದೇ ಕೋಣೆಯಲ್ಲಿ ಎರಡು ಕ್ಲಾಸು ಕೂರಿಸಿಕೊಂಡು ಆ ಗಲಾಟೆಯನ್ನು ಹಿಡಿದಿಡಲು ನನಗೆ ಬೇರೆ ದಾರಿ ಇರಲಿಲ್ಲ. ಕಳೆಯುವ ಲೆಕ್ಕಕ್ಕೆ ಡಬ್ಬಿಯಿಂದ ದಿನಾ ಕೋಡುಬಳೆ ಕದಿಯುವ ಒಬ್ಬ ಸೊಸೆ, ಭಾಗಾಕಾರಕ್ಕೆ ಜಗಳಗಂಟ ಅಣ್ಣತಮ್ಮಂದಿರು. ನನ್ನದು ಒಂದೇ ನಿಯಮ. ನಾನು ಒಂದೊಂದು ಮಾತು ಮುಗಿಸಿದಾಗಲೂ ಮಕ್ಕಳು ಹೂಂ ಅನ್ನಬೇಕು. ನಮ್ಮ ಕಡೆ ಕತೆ ಹೇಳುವುದೇ ಹಾಗೆ. ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ತರಗತಿಯಲ್ಲಿ ಆ ಹೂಂ ನನಗೆ ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ಯಾವ ಸಾಲಿನಲ್ಲಿ ಹೂಂ ತೆಳುವಾಯಿತೋ ಆ ಸಾಲಿಗೆ ಲೆಕ್ಕ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತಿತ್ತು. ಆಗ ಸೊಸೆಯನ್ನು ಮತ್ತೆ ಡಬ್ಬಿಯ ಹತ್ತಿರ ಕರೆತರುತ್ತಿದ್ದೆ.

ಮಗಳನ್ನೂ ಹಾಗೆಯೇ ಬೆಳೆಸಿದೆ. ಅವಳಿಗೆ ಆಗ ಐದು ವರ್ಷ. ನಾನು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಆದರೆ ಕತೆಗೆ ಕೂತಳೆಂದರೆ ಹೂಂ ಅನ್ನುವುದನ್ನು ಒಂದು ಸಲವೂ ತಪ್ಪಿಸುತ್ತಿರಲಿಲ್ಲ. ನಾನು ಚಪಾತಿ ಲಟ್ಟಿಸುತ್ತಾ ಹೇಳುತ್ತಿದ್ದರೆ ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಹಿಟ್ಟಿನ ಉಂಡೆ ಅಮುಕುತ್ತಾ ಹೂಂ, ಹೂಂ ಎನ್ನುತ್ತಿದ್ದಳು. ಆ ಮನೆಯಲ್ಲಿ ದಿನವಿಡೀ ನನಗೆ ಕೇಳಿಸುತ್ತಿದ್ದ ಕನ್ನಡ ಅಷ್ಟೇ.

ಕಿಂಡರ್‌ಗಾರ್ಟನ್ ಶುರುವಾಗಿ ಮೂರು ತಿಂಗಳಿಗೆ ಟೀಚರು ನಮ್ಮಿಬ್ಬರನ್ನೂ ಕರೆಸಿದಳು. ಮಕ್ಕಳ ಕುರ್ಚಿಗಳಲ್ಲಿ ಮಂಡಿ ಎದೆಗೆ ತಾಗುವ ಹಾಗೆ ಕೂತೆವು. ಅವಳು ತಲೆ ವಾಲಿಸಿದಳು. ನಿಮ್ಮ ಮಗಳು ವಂಡರ್‌ಫುಲ್, ಆದರೆ ನಾನು ಪುಸ್ತಕ ಓದುವಾಗ ಪ್ರತಿ ವಾಕ್ಯಕ್ಕೂ ಗಂಟಲಲ್ಲಿ ಏನೋ ಶಬ್ದ ಮಾಡುತ್ತಾಳೆ, ನಿಲ್ಲಿಸು ಎಂದರೆ ಒಂದು ನಿಮಿಷ ನಿಲ್ಲಿಸಿ ಮತ್ತೆ ಶುರು ಮಾಡುತ್ತಾಳೆ, ಬೇರೆ ಮಕ್ಕಳಿಗೆ ತೊಂದರೆಯಾಗುತ್ತಿದೆ ಎಂದಳು. ಕತೆ ಅವಳಿಗೆ ಅರ್ಥವಾಗುತ್ತಿದೆ ಎಂದು ನನಗನ್ನಿಸುವುದಿಲ್ಲ, ಹೀಗೇ ಮುಂದುವರಿದರೆ ಇನ್ನೊಂದು ವರ್ಷ ಇದೇ ಕ್ಲಾಸಿನಲ್ಲಿ ಕೂರಿಸಬೇಕಾಗುತ್ತದೆ, ಯಾರಾದರೂ ತಜ್ಞರಿಗೆ ತೋರಿಸುವುದೂ ಒಳ್ಳೆಯದು ಎಂದಳು.

ನನಗೆ ಆ ಕ್ಷಣವೇ ಗೊತ್ತಾಗಿತ್ತು. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದು ಕಾಯಿಲೆಯಲ್ಲ ತಾಯಿ, ನಿನ್ನ ಕ್ಲಾಸಿನಲ್ಲಿ ಕತೆ ಕೇಳುತ್ತಿರುವವಳು ಅವಳೊಬ್ಬಳೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ಕಡೆ ಟೀಚರು ಏನಾದರೂ ಹೇಳಿದರೆ ತಂದೆತಾಯಿ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮಗುವಿಗೆ ಬೈಯುತ್ತಾರೆ. ಎದುರುತ್ತರ ಕೊಡುವ ತಾಯಂದಿರನ್ನು ಕಂಡರೆ ನನಗೇ ಆಗುತ್ತಿರಲಿಲ್ಲ, ಅಂಥವರನ್ನು ಶಾಲೆಯ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದುಂಟು. ಈಗ ಆ ಪುಟ್ಟ ಕುರ್ಚಿಯಲ್ಲಿ ಕೂತು ನಾನೂ ತಲೆಯಾಡಿಸಿದೆ. ಸಾಲದ್ದಕ್ಕೆ ಥ್ಯಾಂಕ್ಯೂ ಎಂದೂ ಹೇಳಿದೆ.

ಕಾರಿನಲ್ಲಿ ಗಂಡನಿಗೆ ಹೇಳಿದೆ. “ಅದು ಹೂಂ ಕಣ್ರೀ. ಕತೆಗೆ ಹೂಂ ಅಂತಿದಾಳೆ, ಅಷ್ಟೇ.”

“ಅದನ್ನ ಅಲ್ಲೇ ಹೇಳ್ಬೇಕಿತ್ತು.”

“ನೀವೂ ಅಲ್ಲೇ ಇದ್ರಲ್ಲ.”

“ನೋಡು, ಗ್ರೀನ್ ಕಾರ್ಡು ಪ್ರಾಸೆಸ್ಸಲ್ಲಿದೆ, ಮುಂದಿನ ತಿಂಗಳು ಲಾಂಚು. ಸ್ಕೂಲಲ್ಲಿ ಇಶ್ಯೂ ಮಾಡ್ಕೊಳಕ್ಕೆ ನಂಗೆ ಟೈಮಿಲ್ಲ. ಮಗು ಒಂದ್ ವರ್ಷ ಹಿಂದೆ ಬಿದ್ರೆ ಯಾರು ರೆಸ್ಪಾನ್ಸಿಬಲ್ಲು? ನೀನೇ ಟೀಚರಲ್ವಾ? ಬಿಡ್ಸು ಅದನ್ನ.”

ಹೂಂಗುಟ್ಟುವುದಕ್ಕೂ ಗ್ರೀನ್ ಕಾರ್ಡಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲಕ್ಕೂ ಗ್ರೀನ್ ಕಾರ್ಡಿಗೂ ಸಂಬಂಧವಿತ್ತು. ಅವರು ಅಷ್ಟು ಹೇಳಿ ಕೈ ತೊಳೆದುಕೊಂಡರು.

ಮುಂದಿನ ವಾರ ನಾನು ಕ್ಲಾಸಿಗೆ ವಾಲಂಟಿಯರಾಗಿ ಹೋದೆ. ಅಲ್ಲಿ ತಾಯಂದಿರು ಹೋಗಿ ಟೀಚರಿಗೆ ಕಾಗದ ಕತ್ತರಿಸಿಕೊಡುವುದು ವಾಡಿಕೆ. ನನ್ನನ್ನು ಹಿಂದೆ ಕೂರಿಸಿ ಎಲೆಯ ಆಕಾರದಲ್ಲಿ ಬಣ್ಣದ ಹಾಳೆ ಕತ್ತರಿಸಲು ಕೊಟ್ಟಳು. ಕತೆಯ ಹೊತ್ತಾಯಿತು. ಮಕ್ಕಳೆಲ್ಲ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿದರು. ತುಟಿಗೆ ಜಿಪ್ಪು, ಕೈ ತೊಡೆಯ ಮೇಲೆ ಎಂದು ಅವಳು ಅಪ್ಪಣೆ ಕೊಟ್ಟು, ದೋಣಿ ಕಟ್ಟಲು ಹೊರಟ ಒಂದು ಕರಡಿಯ ಕತೆ ಓದತೊಡಗಿದಳು. ಒಂದು ಮಗು ಬೂಟಿನ ಲೇಸು ಚೀಪುತ್ತಿತ್ತು. ಇನ್ನೊಂದು ಕಾರ್ಪೆಟ್ಟಿನ ದಾರ ಎಳೆಯುತ್ತಿತ್ತು. ಮತ್ತೊಂದು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿತ್ತು. ನನ್ನ ಮಗಳು ಮಾತ್ರ ಕತ್ತು ಚಾಚಿ, ಕರಡಿಯ ಜೊತೆಗೇ ಹೋಗುತ್ತಾ ಪ್ರತಿ ವಾಕ್ಯಕ್ಕೂ ಮೆಲ್ಲಗೆ ಹೂಂ ಎನ್ನುತ್ತಿದ್ದಳು.

ಟೀಚರು ಪಟ್ಟನೆ ಪುಸ್ತಕ ಮುಚ್ಚಿ ಸಿಂಕಿನ ಪಕ್ಕದ ಕುರ್ಚಿಯತ್ತ ಬೆರಳು ತೋರಿಸಿದಳು. ಮಗಳು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಕತೆ ಮುಂದುವರಿಯಿತು. ಗೋಡೆಯ ಕಡೆಯಿಂದ ಮತ್ತೆ ಹೂಂ ಬಂತು. ಟೀಚರು ನನ್ನ ಕಡೆ ತಿರುಗಿ, ನೋಡಿದಿರಾ ಎನ್ನುವ ಹಾಗೆ ಹುಬ್ಬೇರಿಸಿದಳು. ಆ ಹುಬ್ಬನ್ನು ಬೋಳಿಸಿಬಿಡಬೇಕು ಅನ್ನಿಸಿತು, ಕೈಯಲ್ಲಿ ಕತ್ತರಿಯೂ ಇತ್ತು. ನಾನು ಎಲೆಗಳನ್ನು ಕತ್ತರಿಸಿದೆ.

ಮನೆಗೆ ಬಂದು ಮಗಳಿಗೆ ತಿಳಿಹೇಳಿದೆ. ಸ್ಕೂಲಲ್ಲಿ ಬೇಡ, ಮನೆಯಲ್ಲಿ ಮಾತ್ರ ಹೂಂ ಅನ್ನು ಎಂದೆ. ಐದು ವರ್ಷದ ಮಗುವಿಗೆ ಕಿವಿಯನ್ನು ಹಾಗೆ ಎರಡು ಭಾಗ ಮಾಡಿಕೊಳ್ಳಲು ಆಗಲಿಲ್ಲ. ವಾರ ಕಳೆದರೂ ಸಿಂಕಿನ ಪಕ್ಕದ ಕುರ್ಚಿ ತಪ್ಪಲಿಲ್ಲ, ಶಾಲೆಯಿಂದ ದೂರಿನ ಚೀಟಿಗಳು ಬರುತ್ತಲೇ ಇದ್ದವು. ಇನ್ನೊಂದು ವರ್ಷ, ತಜ್ಞರು ಎಂಬ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಕೊನೆಗೆ ನನಗೆ ಬರುತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದೆ.

ಒಂದು ಮಧ್ಯಾಹ್ನ ಅವಳನ್ನು ಎದುರು ಕೂರಿಸಿಕೊಂಡು, ಒಂದು ಕಾಡಿನಲ್ಲಿ ಒಂದು ಮೊಲದ ಮರಿ ಇತ್ತು ಎಂದೆ. ಅವಳು ಹೂಂ ಎಂದಳು. ಮೊಲ ಸತ್ತುಹೋಯಿತು ಎಂದೆ.

ಅವಳಿಗೆ ಏನೂ ತಿಳಿಯಲಿಲ್ಲ. ಇನ್ನೊಂದು ಮೊಲವನ್ನು ತಂದೆ. ಬಿಳಿ ಮೊಲ, ಗುಲಾಬಿ ಕಿವಿ, ಅಮ್ಮನಿಗೆ ಕ್ಯಾರೆಟ್ ತರಲು ಹೊರಟಿತ್ತು. ಹೂಂ. ಅದೂ ಸತ್ತಿತು.

“ವೈ, ಅಮ್ಮಾ?”

“ನೀನು ಹೂಂ ಅಂದ್ಯಲ್ಲ, ಅದಕ್ಕೇ. ನೀನು ಹೂಂ ಅಂದ್ರೆ ಮೊಲ ಸಾಯತ್ತೆ. ಬಾಯಿ ಮುಚ್ಕೊಂಡಿದ್ರೆ ಬದುಕತ್ತೆ.”

ಮೊದಲ ದಿನ ನಾಲ್ಕು ಮೊಲ ಸತ್ತವು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಕರಗಲಿಲ್ಲ. ಎರಡನೇ ದಿನ ಒಂದು ಮೊಲ ಹೊಳೆಯವರೆಗೆ ಹೋಯಿತು, ಅಷ್ಟರಲ್ಲಿ ಅವಳ ಬಾಯಿ ತಪ್ಪಿತು. ಮೂರನೇ ದಿನ ಅವಳು ಎರಡೂ ಕೈಗಳಿಂದ ಬಾಯಿಯನ್ನು ಒತ್ತಿ ಹಿಡಿದು, ಕಣ್ಣು ಅಗಲಿಸಿಕೊಂಡು ಕೂತಳು. ಮೊಲ ಕಾಡು ದಾಟಿತು, ಹೊಳೆ ದಾಟಿತು, ಮನೆ ಸೇರಿತು. ನಾನು ಅವಳನ್ನು ಅಪ್ಪಿಕೊಂಡು ಕೊಬ್ಬರಿ ಮಿಠಾಯಿ ಕೊಟ್ಟೆ. ಆರು ವರ್ಷದ ನೌಕರಿಯಲ್ಲಿ ನಾನು ಕತೆ ಹೇಳಿ ಕಲಿಸಿದ ಯಾವ ಪಾಠವೂ ಯಾವ ಮಗುವಿನ ತಲೆಗೂ ಇಷ್ಟು ಬೇಗ ಹತ್ತಿರಲಿಲ್ಲ.

ಶಾಲೆಯಿಂದ ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿದ ಚೀಟಿ ಬಂತು. ನಿಮ್ಮ ಮಗಳು ಈಗ ಸದ್ದಿಲ್ಲದೆ ಕೂರುತ್ತಾಳೆ, ತಜ್ಞರ ಅಗತ್ಯವಿಲ್ಲ, ಮುಂದಿನ ವರ್ಷ ಒಂದನೇ ಕ್ಲಾಸಿಗೆ ಹೋಗಬಹುದು ಎಂದು ಬರೆದಿತ್ತು. ಗಂಡ ಪಿಜ್ಜಾ ತಂದರು. “ನೋಡಿದ್ಯಾ, ಎಷ್ಟು ಸಿಂಪಲ್ಲಾಗಿ ಸಾಲ್ವ್ ಆಯ್ತು” ಎಂದರು. ಅವರ ತಲೆಗೆ ಆ ಪಿಜ್ಜಾ ಮುಚ್ಚಬೇಕಿತ್ತು. ನಾನು ಎರಡು ತುಂಡು ತಿಂದೆ.

ಚಳಿಗಾಲ ಮುಗಿಯುತ್ತಿದ್ದ ಹಾಗೆ ಶಾಲೆಯಲ್ಲಿ ಪೋಷಕರಿಗಾಗಿ ಒಂದು ಸಂಜೆ ಕಾರ್ಯಕ್ರಮ ಏರ್ಪಾಟಾಯಿತು. ಕತೆಯ ಮೂಲಕ ಮಕ್ಕಳಿಗೆ ಕಲಿಸುವುದು ಹೇಗೆ ಎಂದು ಹೇಳಿಕೊಡಲು ಒಬ್ಬ ಪರಿಣತೆ ಬಂದಿದ್ದಳು. ಉದ್ದನೆಯ ಸ್ಕಾರ್ಫು, ಕಂಕುಳಲ್ಲಿ ಪುಟ್ಟ ಡೋಲು, ಪರದೆಯ ಮೇಲೆ ಬಾಣದ ಗುರುತಿನ ಚಿತ್ರಗಳು. ಕತೆ ಎಂದರೆ ಬರೀ ಮನರಂಜನೆಯಲ್ಲ, ಕಲಿಕೆಯ ಸಾಧನ ಎಂದು ಅವಳು ಹೊಸದಾಗಿ ಕಂಡುಹಿಡಿದವಳಂತೆ ಹೇಳಿದಳು. ಎಲ್ಲರೂ ಬರೆದುಕೊಂಡರು. ಆಮೇಲೆ, ಮಕ್ಕಳು ಸುಮ್ಮನೆ ಕೂತರೆ ಕೇಳುತ್ತಿದ್ದಾರೆ ಎಂದು ಭ್ರಮಿಸಬೇಡಿ, ಅವರಿಂದ ದನಿ ಬರಬೇಕು ಎಂದಳು. ನಾನು ಕೈ ಎತ್ತಿದಾಗಲೆಲ್ಲ ನೀವು ಆಹಾ ಅನ್ನಿ ಎಂದು ಡೋಲು ಬಡಿದಳು. ಇಡೀ ಸಭೆ ಆಹಾ ಎಂದಿತು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಆಹಾ ಎಂದವಳು ನಮ್ಮ ಸೇಬಿನ ಸ್ವೆಟರಿನವಳು.

ನನ್ನ ಮೈಯೆಲ್ಲ ಉರಿದುಹೋಯಿತು. ಕಾರ್ಯಕ್ರಮ ಮುಗಿದ ಮೇಲೆ ನೇರ ಅವಳ ಹತ್ತಿರ ಹೋಗಿ, ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ನನ್ನ ಮಗಳು ಮಾಡುತ್ತಿದ್ದದ್ದು ಇದನ್ನೇ ಎಂದೆ. ಅವಳು ತಪ್ಪಾಯಿತು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಎಷ್ಟು ವಂಡರ್‌ಫುಲ್, ಮೊದಲೇ ಹೇಳಬಾರದಿತ್ತೇ, ನಾಳೆ ಅವಳೇ ಎಲ್ಲರಿಗೂ ಕಲಿಸಲಿ ಎಂದು ಹೇಳಿ, ಮೇಜಿನ ಮೇಲಿದ್ದ ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿಕೊಂಡಳು. ಮೊದಲೇ ಹೇಳಬೇಕಾಗಿದ್ದವಳು ನಾನೇ. ಅದಕ್ಕೂ ಅವಳನ್ನೇ ದ್ವೇಷಿಸಿದೆ.

ಮರುದಿನ ಮಗಳನ್ನು ಕ್ಲಾಸಿನ ಮುಂದೆ ನಿಲ್ಲಿಸಿದಳಂತೆ. ಮಗಳು ತುಟಿ ಬಿಗಿದುಕೊಂಡು ಬೂಟು ನೋಡುತ್ತಾ ನಿಂತಿದ್ದಳಂತೆ. ನಾನು ಮನೆಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇನ್ನು ಮೇಲೆ ಹೂಂ ಅನ್ನಬಹುದು ಪುಟ್ಟೀ ಎಂದೆ.

“ನೋ ಅಮ್ಮಾ. ದೆನ್ ದ ಬನ್ನಿ ವಿಲ್ ಡೈ.”

“ಸಾಯಲ್ಲ ಪುಟ್ಟೀ. ಅದು ನಾನು ಹೇಳಿದ್ದ ಸುಳ್ಳು.”

ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. ಸುಳ್ಳು ಯಾವುದು ಎಂದು ತೂಗಿ ನೋಡುತ್ತಿದ್ದಳು. ಮೊಲದ ಪಕ್ಷ ವಹಿಸುವುದೇ ಕ್ಷೇಮ ಎಂದು ಅವಳಿಗೆ ಅನ್ನಿಸಿರಬೇಕು, ತಲೆ ಅಡ್ಡ ಆಡಿಸಿ ಇಳಿದುಹೋದಳು.

ಆ ಶನಿವಾರ ಸಂಜೆ ಕಾಲಿಂಗ್ ಕಾರ್ಡಿನ ಉದ್ದ ನಂಬರು ಒತ್ತಿ ಹಾಸನಕ್ಕೆ ಫೋನು ಮಾಡಿದೆ. ನನ್ನ ಅಮ್ಮ ತಂಗಿಯ ಬಾಣಂತನಕ್ಕೆಂದು ಫೋನಿಲ್ಲದ ಹಳ್ಳಿಗೆ ಹೋಗಿದ್ದವಳು ನಾಲ್ಕು ತಿಂಗಳ ಮೇಲೆ ಆ ವಾರವಷ್ಟೇ ಅಣ್ಣನ ಮನೆಗೆ ಮರಳಿದ್ದಳು. “ಮೊದ್ಲು ಮಗೀಗೆ ಕೊಡೇ, ಕತೆ ಹೇಳ್ಬೇಕು. ಎಷ್ಟು ದಿನಾತು” ಎಂದಳು. ನಾನು ರಿಸೀವರನ್ನು ಮಗಳ ಕಿವಿಗೆ ಹಿಡಿದು ಪಕ್ಕದಲ್ಲೇ ಕೂತೆ. ಅಮ್ಮನ ದನಿ ಜೋರು, ನನಗೂ ಕೇಳಿಸುತ್ತಿತ್ತು.

“ಒಂದೂರಲ್ಲಿ ಒಂದು ಗುಬ್ಬಚ್ಚಿ ಇತ್ತಂತೆ.” ಅಮ್ಮ ನಿಲ್ಲಿಸಿದಳು. ಮಗಳ ಕಣ್ಣು ಅರಳಿತು, ಕೈಗಳೆರಡೂ ಬಾಯಿಯ ಮೇಲೆ ಬಂದವು.

“ಅದ್ರ ಗೂಡಲ್ಲಿ ಮೂರು ಮರಿ ಇದ್ವಂತೆ.” ಮತ್ತೆ ನಿಲ್ಲಿಸಿದಳು. ಮಗಳು ಕೈಗಳನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡಳು.

“ಪುಟ್ಟೀ? ಇದೀಯೇನೇ? ಹಲೋ? ಹಲೋ?”

ನಾನು ಅನ್ನು, ಅನ್ನು ಎಂದು ಸನ್ನೆ ಮಾಡಿದೆ. ಮಗಳು ಬಾಯಿಂದ ಕೈ ತೆಗೆಯಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಬೇಡ ಎಂದು ತಲೆಯಾಡಿಸಿದಳು. ಫೋನನ್ನು ನಾನು ತೆಗೆದುಕೊಂಡೆ.

“ಮಗು ಎಲ್ಲೋಯ್ತೇ? ನಾನೊಬ್ಳೇ ಮಾತಾಡ್ಕಂತಿದೀನಿ.”

“ಆಟಕ್ಕೆ ಓಡಿಹೋದ್ಲು ಕಣಮ್ಮ.”

“ಓ” ಎಂದಳು ಅಮ್ಮ. “ಇರ್ಲಿ ಬಿಡು. ದೊಡ್ಡೋಳಾದ್ಲು, ಇನ್ಯಾಕೆ ಅಜ್ಜಿ ಕತೆ ಅವ್ಳಿಗೆ.”

ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು. ನನ್ನ ಮಾತನ್ನೂ ಕೇಳಿಸಿಕೊಂಡಳು, ಅಜ್ಜಿಯ ಮಾತನ್ನೂ ಕೇಳಿಸಿಕೊಂಡಳು. ಮೂರು ಗುಬ್ಬಿಮರಿಗಳನ್ನು ಉಳಿಸಿದ್ದ ಆ ಕೈಗಳನ್ನು ಬಾಯಿಯ ಮೇಲೆ ಇಟ್ಟುಕೊಂಡೇ ನನ್ನ ಪಕ್ಕದಲ್ಲಿ ಕೂತಿದ್ದಳು.