ಬೆರ್ತಿಲಜ್ಜಿಯ ಒಂಟಿ ಸಾಲು

ಬೆರ್ತಿಲಳನ್ನು ಮಠಕ್ಕೆ ತಂದು ಬಿಟ್ಟಾಗ ಅವಳಿಗೆ ಏಳು ವರ್ಷವಂತೆ. ಅಪ್ಪ ಮೊಸೆಲ್ ಹೊಳೆಯಲ್ಲಿ ದೋಣಿ ನಡೆಸುವವನು. ಆರು ಹೆಣ್ಣುಮಕ್ಕಳಲ್ಲಿ ಇವಳು ಐದನೆಯವಳು. ಬಲಿಪೀಠದ ಬಟ್ಟೆಯ ಅಂಚನ್ನು ಮಗಳ ಕೈಗೆ ಸುತ್ತಿ, ದೇವರಿಗೆ ಒಪ್ಪಿಸಿ, ತಿರುಗಿಯೂ ನೋಡದೆ ದೋಣಿ ಹತ್ತಿ ಹೋದನಂತೆ.

“ಅವನದೇನು ತಪ್ಪಿಲ್ಲ ಬಿಡು, ಹೊಳೆ ನೀರು ಏರ್ತಾ ಇತ್ತು,” ಎಂದು ಎಪ್ಪತ್ತರ ವಯಸ್ಸಿನಲ್ಲೂ ಅಪ್ಪನ ಪರ ವಹಿಸಿ ಮಾತಾಡುತ್ತಿದ್ದಳು. ಯಾರ ಮೇಲೂ ತಪ್ಪು ಹೊರಿಸಲು ಬಾರದ ಹೆಂಗಸು. ಅಂಥವಳ ಮೇಲೆ ತಪ್ಪು ಹೊರಿಸಿದವಳು ನಾನು. ನನ್ನ ಹೆಸರು ರಿಕಿಲ್ದ, ಈ ಮಠದಲ್ಲಿ ಸೋದರಿಯರಿಗೆ ಹಾಡು ಹೇಳಿಕೊಡುವವಳು. ಬೆರ್ತಿಲಜ್ಜಿಯ ಬದುಕನ್ನು ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ನಾನು ಬರೆಯದಿದ್ದರೆ ಇಲ್ಲಿ ಇನ್ನಾರೂ ಬರೆಯುವುದಿಲ್ಲ.

ಅವಳಿಗೆ ಓದು ಬರುತ್ತಿರಲಿಲ್ಲ. ಬಿಯರ್ ಕಾಯಿಸುವುದು ಅವಳ ಕೆಲಸ. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ದೊಡ್ಡ ತಾಮ್ರದ ಹಂಡೆಯಲ್ಲಿ ಸೊಪ್ಪುಸದೆಯ ಜೊತೆ ಕುದಿಸುತ್ತಿದ್ದಳು. ಎಷ್ಟು ಹೊತ್ತು ಕುದಿಯಬೇಕೆಂಬುದಕ್ಕೂ ಹಾಡೇ ಅಳತೆ. ಐವತ್ತನೆಯ ಕೀರ್ತನೆಯನ್ನು ನಾಲ್ಕು ಸಲ ನಿಧಾನವಾಗಿ ಹಾಡಿ ಮುಗಿಸಿದರೆ ಒಲೆಯಿಂದ ಬೆಂಕಿ ಹೊರಗೆಳೆಯಬೇಕು. ಅರವತ್ತು ವರ್ಷ ಹೀಗೇ ನಡೆದಿತ್ತು, ಒಂದು ಹಂಡೆಯೂ ಕೆಟ್ಟಿರಲಿಲ್ಲ.

ಆದರೆ ಮಠದಲ್ಲಿ ಅವಳಿಗೆ ಬೆಲೆ ಇದ್ದದ್ದು ಬಿಯರಿನಿಂದಲ್ಲ. ನಮ್ಮ ಮಠ ಕಟ್ಟಿದ ಸಂತ ಆವೆಲ್ದಾಳ ಮೇಲೆ ಮೊದಲ ಸೋದರಿಯರು ಕಟ್ಟಿದ ಹಾಡೊಂದಿದೆ. ಬೇರೆ ಯಾವ ಮಠದಲ್ಲೂ ಅದಿಲ್ಲ. ಪ್ರತಿ ಗುರುವಾರ ಅವಳ ಸಮಾಧಿಯ ಮುಂದೆ ಅದನ್ನು ಹಾಡುತ್ತೇವೆ. ಹಾಡಿನ ನಡುವೆ ಎಲ್ಲರೂ ಸುಮ್ಮನಾಗಿ ಒಬ್ಬಳೇ ಹಾಡುವ ಸಾಲು ಬರುತ್ತದೆ: ‘ಬರಿಗೈಯಲ್ಲಿ ಬಂದಿದ್ದೇನೆ, ಒಡೆಯಾ.’ ಆ ಸಾಲನ್ನು ಗೋದ್ಲಿಂಡ ಎಂಬ ಹಿರಿಯ ಸೋದರಿ ಬೆರ್ತಿಲಳ ಬಾಯಿಗೆ ಕೊಟ್ಟಿದ್ದಳು. ಗೋದ್ಲಿಂಡಳಿಗೆ ಅದು ಅವಳ ಹಿರಿಯಳಿಂದ ಬಂದಿತ್ತು. ಪುಸ್ತಕದಲ್ಲಿ ಪದಗಳಿವೆ, ಪದಗಳ ಮೇಲೆ ಕೊಕ್ಕೆಯಂಥ ಗುರುತುಗಳಿವೆ. ಸ್ವರ ಏರುತ್ತದೆಯೋ ಇಳಿಯುತ್ತದೆಯೋ ಅವು ಹೇಳುತ್ತವೆ, ಎಷ್ಟು ಎಂದು ಹೇಳುವುದಿಲ್ಲ. ಅದು ಬಾಯಿಂದ ಕಿವಿಗೇ ಬರಬೇಕು.

‘ಬರಿಗೈ’ ಎಂಬಲ್ಲಿ ಬೆರ್ತಿಲಳ ದನಿ ನಾವು ಕಾಯುವ ಜಾಗಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿದು ನಿಲ್ಲುತ್ತಿತ್ತು. ಮೊದಲ ಸಲ ಕೇಳಿದಾಗ ನನ್ನ ಎದೆ ಝಲ್ಲೆಂದಿತ್ತು. ಆ ಸಾಲು ನನಗೆ ಬೇಕೆಂದು ಅವತ್ತೇ ಆಸೆಯಾಯಿತು. ಈ ಮಾತನ್ನು ತಪ್ಪೊಪ್ಪಿಕೊಳ್ಳುವ ಬೆಳಗಿನ ಸಭೆಯಲ್ಲಿ ಕೂಡ ನಾನು ಒಪ್ಪಿಕೊಂಡಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಲ್ಯಾಟಿನ್ ಚೆನ್ನಾಗಿ ಬರುತ್ತಿತ್ತು. ಹಾಡುಗಳಿಗೆಲ್ಲ ಎಂಟೇ ಧಾಟಿ, ಪ್ರತಿ ಹಾಡೂ ಎಂಟರಲ್ಲೊಂದಕ್ಕೆ ಸೇರಲೇಬೇಕು ಎಂದು ಪಂಡಿತರು ಬರೆದದ್ದನ್ನು ಓದಿದ್ದೆ. ಒಂಟಿತಂತಿಯ ಪೆಟ್ಟಿಗೆಯೊಂದನ್ನು ಮಾಡಿಸಿಕೊಂಡು, ಲೆಕ್ಕ ಹಾಕಿ ಅದರ ಮೇಲೆ ಸ್ವರಗಳ ಗೀರು ಎಳೆದು, ಮಠದ ಹಾಡುಗಳನ್ನೆಲ್ಲ ಎಂಟು ಧಾಟಿಗಳಿಗೆ ಹಂಚಿ ಪುಸ್ತಕ ಬರೆಯಲು ಕೂತೆ. ಮುನ್ನೂರಕ್ಕೂ ಹೆಚ್ಚು ಹಾಡು ಸಲೀಸಾಗಿ ಕೂತವು. ಆವೆಲ್ದಾಳ ಹಾಡು ಕೂರಲಿಲ್ಲ. ಬೆರ್ತಿಲಳ ಆ ಇಳಿತ ಎರಡು ಗೀರುಗಳ ನಡುವೆ ಬೀಳುತ್ತಿತ್ತು, ಅಲ್ಲಿ ಸ್ವರವೇ ಇಲ್ಲ. ಮುದುಕಿಯ ಗಂಟಲು ಸಡಿಲವಾಗಿದೆ ಎಂದು ತೀರ್ಮಾನಿಸಿದೆ. ನನ್ನ ಆಸೆಗೆ ಆ ತೀರ್ಮಾನ ಎಷ್ಟು ಅನುಕೂಲವಾಗಿತ್ತು ನೋಡಿ.

ಹಾಡುವಾಗ ತಪ್ಪಿದವಳು ನಿಂತಲ್ಲೇ ಎಲ್ಲರೆದುರು ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಬೇಕು, ಅದು ನಮ್ಮ ನೇಮ. ತಾನಾಗಿ ಊರದಿದ್ದರೆ ಬೆಳಗಿನ ಸಭೆಯಲ್ಲಿ ಬೇರೆಯವರು ಅವಳ ತಪ್ಪು ಎತ್ತಿ ಹೇಳಬಹುದು. ನಾನು ಎದ್ದು ನಿಂತೆ.

“ಬೆರ್ತಿಲಜ್ಜಿ ಆವೆಲ್ದಮ್ಮನ ಹಾಡು ತಪ್ಪು ಹಾಡ್ತಿದ್ದಾರೆ. ಎಷ್ಟು ಗುರುವಾರದಿಂದಲೋ. ಒಂದ್ಸಲನೂ ಮಂಡಿ ಊರಿಲ್ಲ.”

ಮಠದ ಹಿರಿಯಮ್ಮ ಇರ್ಮಿಂಗಾರ್ದ್ ಕೇಳಿದರು: “ಏನ್ ಬೆರ್ತಿಲ, ತಪ್ಪಿದ್ಯಾ?”

“ಇಲ್ಲಮ್ಮ. ಗೋದ್ಲಿಂಡಕ್ಕ ಹೇಳಿಕೊಟ್ಟಿದ್ದು ಹೀಗೇ.”

“ಗೋದ್ಲಿಂಡ ತೀರಿಕೊಂಡು ನಲವತ್ತು ವರ್ಷ ಆಯ್ತು. ನಡುವೆ ಎಲ್ಲೋ ನಾಲಿಗೆ ಜಾರಿರಬಹುದಲ್ಲ?”

“ಬೇರೆ ಹಾಡಲ್ಲಿ ಜಾರಿದೆ. ಜಾರಿದಾಗೆಲ್ಲ ಊರಿದೀನಿ, ಈ ಮಂಡಿ ನೋಡಿ, ಕಲ್ಲಾಗಿ ಹೋಗಿದೆ. ಇದರಲ್ಲಿ ಜಾರಿಲ್ಲ. ಜಾರದೆ ಊರಿದ್ರೆ ದೇವರ ಮುಂದೆ ಸುಳ್ಳು ಹೇಳ್ದಂಗಲ್ವಾ?”

ನಾನು ಪೆಟ್ಟಿಗೆಯನ್ನು ಅವಳ ಮುಂದಿಟ್ಟೆ. “ಆ ಸ್ವರ ಇದರಲ್ಲಿ ಎಲ್ಲಿದೆ, ತೋರಿಸಿ ಅಜ್ಜಿ.”

ಅವಳು ಪೆಟ್ಟಿಗೆಯನ್ನು ಒಂದು ಸುತ್ತು ನೋಡಿದಳು. “ಅದಕ್ಕೆ ಬರಲ್ಲ ಅಂದ್ರೆ ನಾನೇನು ಮಾಡ್ಲಿ ಮಗಾ? ಪಾಪ, ಅದಕ್ಕೆ ಯಾರು ಹೇಳಿಕೊಟ್ಟಿದಾರೆ?”

ಸಭೆಯೆಲ್ಲ ಕಿಸಕ್ಕನೆ ನಕ್ಕಿತು. ನನ್ನ ಮುಖಕ್ಕೆ ಕೆಂಡ ಸುರಿದಂತಾಯಿತು. ಆ ನಗು ಕೇಳದೇ ಇದ್ದಿದ್ದರೆ ನಾನು ಅಷ್ಟಕ್ಕೇ ಬಿಡುತ್ತಿದ್ದೆನೋ ಏನೋ. ಬಿಡಲಿಲ್ಲ. ಗೀರು ತೋರಿಸಿದೆ, ಲೆಕ್ಕ ತೋರಿಸಿದೆ, ಪಂಡಿತರ ಮಾತನ್ನು ಲ್ಯಾಟಿನ್ನಿನಲ್ಲಿ ಓದಿದೆ. ಹಿರಿಯಮ್ಮನವರಿಗೆ ಲೆಕ್ಕ ಅರ್ಥವಾಗಲಿಲ್ಲ, ಆದ್ದರಿಂದ ನಂಬಿದರು. ಮಂಡಿಯೂರುವ ತನಕ ಬೆರ್ತಿಲ ಎಲ್ಲೂ ಹಾಡಕೂಡದು, ಪ್ರಾರ್ಥನೆಯ ಹೊತ್ತಿಗೆ ಗುಡಿಯ ಬಾಗಿಲಲ್ಲಿ ಬಾಯಿ ಮುಚ್ಚಿ ನಿಲ್ಲಬೇಕು ಎಂದು ಆಜ್ಞೆಯಾಯಿತು.

“ಆಗ್ಲಮ್ಮ,” ಎಂದಳು ಬೆರ್ತಿಲ. ಆ ಗುರುವಾರವೇ ಹೋಗಿ ಬಾಗಿಲಲ್ಲಿ ನಿಂತಳು. ಒಂಟಿ ಸಾಲನ್ನು ನಾನು ಹಾಡಿದೆ. ‘ಬರಿಗೈ’ಯನ್ನು ಗೀರಿನ ಮೇಲೆ ಸರಿಯಾಗಿ ನಿಲ್ಲಿಸಿದೆ. ಚೆನ್ನಾಗಿಯೇ ಇತ್ತು.

ಬಿಯರ್ ಮನೆಯಲ್ಲೂ ಅವಳು ಬಾಯಿ ತೆರೆಯಲಿಲ್ಲ. ಹೊತ್ತು ಅಳೆಯಲು ಕಡಲೆ ಎಣಿಸತೊಡಗಿದಳು, ಎಣಿಕೆ ತಪ್ಪುತ್ತಿತ್ತು. ಅಡುಗೆಮನೆಯ ಏವ ಒಂದು ದಿನ ಲೋಟ ಹಿಡಿದುಕೊಂಡೇ ಬಂದಳು.

“ಅಜ್ಜೀ, ಇದು ಬಿಯರಾ ಕಷಾಯನಾ?”

“ನನ್ನ ಹಾಡೋ ಬಾಯಿ ಮುಚ್ಚಿಸಿದ್ರಿ. ನೀವು ಕುಡಿಯೋ ಬಾಯಿ ಮುಚ್ಕೊಳಿ, ಲೆಕ್ಕ ಸರಿಹೋಯ್ತು.”

ಎರಡು ವರ್ಷ ಕಳೆಯಿತು. ನನ್ನ ಪುಸ್ತಕ ಪ್ರತಿಯಾಗಿ ಇನ್ನೆರಡು ಮಠಗಳಿಗೆ ಹೋಯಿತು. ಬಿಷಪ್ಪರು ಹೊಗಳಿ ಕಾಗದ ಬರೆದರು. ಒಂದು ಮಧ್ಯಾಹ್ನ ಕಿರಿಯ ಸೋದರಿಯೊಬ್ಬಳಿಗೆ ಬೇರೆ ಯಾವುದೋ ಹಾಡು ಕಲಿಸುತ್ತಿದ್ದೆ. ಅವಳ ದನಿ ಎತ್ತರದ್ದು. ಅವಳಿಗೆ ಹೊಂದಲೆಂದು ಹಾಡನ್ನು ತಂತಿಯ ಮೇಲೆ ಐದು ಗೀರು ಮೇಲಿನಿಂದ ಶುರುಮಾಡಿದೆ. ಶುರುವಾಗುವ ಜಾಗ ಬದಲಾದಾಗ ಗೀರುಗಳ ನಡುವಿನ ಅಂತರಗಳೂ ಬದಲಾದವು. ಆವೆಲ್ದಾಳ ಹಾಡನ್ನೂ ಅಲ್ಲಿಂದಲೇ ಶುರುಮಾಡಿ ನೋಡಿದೆ: ಕೆಳಗೆ ಇಲ್ಲದ ಅರೆಸ್ವರ ಮೇಲೆ ಇತ್ತು. ಬೆರ್ತಿಲಳ ಇಳಿತ ಬೀಳುತ್ತಿದ್ದ ಜಾಗದಲ್ಲೇ ಇತ್ತು. ತಪ್ಪಿದ್ದು ಅವಳ ಗಂಟಲಲ್ಲ, ನಾನು ಬೆರಳಿಟ್ಟ ಜಾಗ. ಆ ಹಾಡು ಮೊದಲಿನಿಂದಲೂ ಸರಿಯಾಗಿತ್ತು, ಎಂಟು ಧಾಟಿಗಳ ಒಳಗೇ ಇತ್ತು.

ಹುಡುಗಿಯನ್ನು ಕಳಿಸಿ ಬಿಯರ್ ಮನೆಗೆ ಹೋದೆ. ಅಜ್ಜಿ ಹಂಡೆ ಉಜ್ಜುತ್ತಿದ್ದಳು.

“ಏನೋ ಹೇಳೋಕೆ ಬಂದಂಗಿದೆ?”

“ಏನಿಲ್ಲ ಅಜ್ಜಿ. ಬಾಯಾರಿತು.”

ಅವಳು ಬಿಯರ್ ಕೊಟ್ಟಳು. ಕುಡಿದು ಬಂದೆ.

ಉಪವಾಸದ ಕಾಲ ಮುಗಿಯಲಿ ಎಂದುಕೊಂಡೆ. ಆಮೇಲೆ ಹಬ್ಬ ಮುಗಿಯಲಿ ಎಂದುಕೊಂಡೆ. ಹಿರಿಯಮ್ಮನವರಿಗೆ ಕೆಮ್ಮು ಕಡಿಮೆಯಾಗಲಿ, ಬಿಷಪ್ಪರು ಬಂದು ಹೋಗಲಿ. ಹಾಡು ಎಲ್ಲಿಗೆ ಹೋಗುತ್ತದೆ, ಬೆರ್ತಿಲಜ್ಜಿಯ ತಲೆಯಲ್ಲಿ ಭದ್ರವಾಗಿದೆಯಲ್ಲ ಎಂದು ಸಮಾಧಾನ ಹೇಳಿಕೊಂಡೆ. ಹೀಗೆ ಮೂರು ವರ್ಷ. ಮೊದಲ ಎರಡು ವರ್ಷದ ತಪ್ಪು ಅಜ್ಞಾನದ್ದು, ದೇವರು ಕ್ಷಮಿಸಬಹುದು. ಈ ಮೂರು ವರ್ಷದ್ದು ಶುದ್ಧ ಹೇಡಿತನ. ಪ್ರತಿ ಗುರುವಾರ ಆ ಸುಳ್ಳು ಸ್ವರವನ್ನು ನಾನು ಹಾಡುವಾಗ ಅವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಆ ಕಡೆ ನೋಡುತ್ತಿರಲಿಲ್ಲ.

ಐದನೆಯ ಚಳಿಗಾಲದಲ್ಲಿ ಅಜ್ಜಿ ಅಂಗಳದಲ್ಲಿ ಜಾರಿ ಬಿದ್ದಳು. ಹದಿನೈದು ದಿನ ಏಳಲಿಲ್ಲ. ಇವಳು ಹೋದರೆ ಹಾಡೂ ಹೋಯಿತು ಎಂದು ಆಗ ಭಯ ಹತ್ತಿತು. ಅವಳ ಪ್ರಾಣಕ್ಕಿಂತ ಹಾಡಿಗಾಗಿ ಹೆದರಿದೆನಲ್ಲ ಎಂದು ನಾಚಿಕೆಯೂ ಆಯಿತು. ಅವಳು ಕೋಲೂರಿ ಓಡಾಡುವಂತಾದ ಮೇಲೆ ಸಭೆಯಲ್ಲಿ ನೆಲಕ್ಕೆ ಬಿದ್ದು ತಂತಿಯ ಮೇಲೆ ಕಂಡದ್ದನ್ನೆಲ್ಲ ಹೇಳಿದೆ.

ಹಿರಿಯಮ್ಮನವರು ಕೂತಲ್ಲಿಂದ ಎದ್ದರು. “ಮೂರು ವರ್ಷದಿಂದ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

“ಗೊತ್ತಿದ್ದೂ ಆ ಮುದುಕೀನ ಬಾಗಿಲಲ್ಲಿ ನಿಲ್ಲಿಸಿದ್ಯಲ್ಲ! ಚಳೀಲಿ!”

ನಲವತ್ತು ದಿನ ಒಬ್ಬಳೇ ಉಣ್ಣಬೇಕು, ಗುಡಿಯ ಹೊಸ್ತಿಲಲ್ಲಿ ಮಲಗಿ ಎಲ್ಲರೂ ದಾಟಿಹೋಗುವಂತೆ ಇರಬೇಕು ಎಂದು ಶಿಕ್ಷೆ ಕೊಟ್ಟರು. ಮೂರು ದಿನಕ್ಕೆ ಆವೆಲ್ದಮ್ಮನ ಹಬ್ಬವಿತ್ತು. ಅದು ಮುಗಿದ ಮರುದಿನದಿಂದ ಶಿಕ್ಷೆ. ಹಬ್ಬದಂದು ಒಂಟಿ ಸಾಲು ಬೆರ್ತಿಲಳದೇ.

ನಾನು ಅವಳ ಕಾಲು ಹಿಡಿಯಲು ಹೋದೆ. “ಬಿಡು ಮಗಾ, ಹಾಡಕ್ಕೆ ಬಿಟ್ರಲ್ಲ, ಸಾಕು,” ಎಂದು ಕಾಲು ಹಿಂದೆ ಎಳೆದುಕೊಂಡಳು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಆ ಸಾಲು ಒಂದ್ಸಲ ನನಗೆ ಹೇಳಿಕೊಡಿ ಅಜ್ಜಿ. ತಂತಿ ಜಾಗ ತೋರಿಸುತ್ತೆ, ದನಿ ಅಲ್ಲಿಗೆ ಇಳಿಯೋ ಬಗೆ ತೋರಿಸಲ್ಲ; ನನ್ನ ತಲೇಲೂ ಬೇರೆ ಯಾರ ತಲೇಲೂ ಅದು ಉಳಿದಿಲ್ಲ.”

“ಒಲೆ ಮುಂದೆ ಕೂತು ಹೇಳೋ ಸಾಲಲ್ಲ ಅದು. ಆವೆಲ್ದಮ್ಮನ ಮುಂದೇನೇ ಹಾಡ್ತೀನಿ, ಕೇಳಿಸ್ಕೊ.”

ಹಬ್ಬದ ಬೆಳಿಗ್ಗೆ ಅವಳು ಕೋಲು ಬದಿಗಿಟ್ಟು ಸಾಲಿನ ಮೊದಲಲ್ಲಿ ನಿಂತಳು. ಗುರುತು ಬರೆದುಕೊಳ್ಳಲು ನಾನು ಮೇಣದ ಹಲಗೆ, ಕಡ್ಡಿ ಹಿಡಿದು ಪಕ್ಕದಲ್ಲಿ ನಿಂತೆ. ಈ ಸಲ ಆ ಇಳಿತವನ್ನು ಬಿಡಬಾರದೆಂದು ಕಡ್ಡಿಯನ್ನು ಮೇಣಕ್ಕೆ ತಾಗಿಸಿಕೊಂಡೇ ಇದ್ದೆ. ಎಲ್ಲರೂ ಹಾಡಿ ಸುಮ್ಮನಾದರು. ಬೆರ್ತಿಲ ಬಾಯಿ ತೆರೆದಳು. ದನಿ ಒಡೆದಿತ್ತು, ಆದರೂ ಗಟ್ಟಿಯಾಗಿತ್ತು. ‘ಬರಿಗೈ’ ಬಂತು. ಇಳಿಯಲಿಲ್ಲ. ನನ್ನ ಗೀರಿನ ಮೇಲೆ ಬಂದು ನೇರವಾಗಿ ನಿಂತಿತು.

ಅವಳು ನಿಲ್ಲಿಸಿದಳು. ಮತ್ತೆ ‘ಬರಿಗೈ’ ಎಂದಳು. ಮತ್ತೆ ನನ್ನದೇ ಸ್ವರ. ಐದು ವರ್ಷ ಬಾಯಿ ಮುಚ್ಚಿ, ಗುರುವಾರ ಗುರುವಾರವೂ ಬಾಗಿಲಲ್ಲಿ ಕೇಳಿದ್ದು ಅದೊಂದೇ. ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ದಾರಿ ತಪ್ಪಿದವರು ದಾರಿ ಕೇಳುವ ನೋಟ ಇತ್ತು.

“ಹೋಯ್ತು ಕಣೇ,” ಎಂದಳು ಮೆಲ್ಲಗೆ. “ಈಗ ತಪ್ಪಿದೆ.”

ಎರಡೂ ಕೈ ನೆಲಕ್ಕೆ ಊರಿ, ನೋಯುವ ಸೊಂಟವನ್ನು ಬಗ್ಗಿಸಿ, ನಿಧಾನವಾಗಿ ಮಂಡಿಯೂರಿದಳು. ಹಣೆಯನ್ನು ಕಲ್ಲಿಗೆ ಮುಟ್ಟಿಸಿದಳು.

ಒಬ್ಬಳು ಮಂಡಿಯೂರಿದಳೆಂದು ಹಾಡು ನಿಲ್ಲುವಂತಿಲ್ಲ. ಹೇಳಿಕೊಡುವವಳು ಅದನ್ನು ಎತ್ತಿಕೊಳ್ಳಬೇಕು. ಸೋದರಿಯರೆಲ್ಲ ನನ್ನ ಮುಖ ನೋಡಿದರು. ಮೇಣದ ಹಲಗೆ ಕೆಳಗಿಟ್ಟು ನಾನು ಆ ಸಾಲನ್ನು ಗೀರಿನ ಸ್ವರದಲ್ಲೇ ಹಾಡಿದೆ. ನನಗೂ ಬರುತ್ತಿದ್ದುದು ಅದೊಂದೇ.