ಬೀಜಕ್ಕೆ ಬಿಟ್ಟ ಸೆಣಬು, ಅದರ ಮೇಲಿನ ಪತಂಗ

ಹಗಲು ಹಾರುವುದೆಲ್ಲ ಚಿಟ್ಟೆ, ರಾತ್ರಿ ಹಾರುವುದು ಪತಂಗ ಎಂದು ಅಜ್ಜಿಯ ಎದುರು ವಾದಿಸಿದ್ದೆ. ನಂಜನಗೂಡಿನ ಕಾಲೇಜಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದ ವರ್ಷ ಅದು. ಊಟಕ್ಕೆ ಕೂತಾಗಲೂ ನನಗೊಬ್ಬ ಎದುರಾಳಿ ಬೇಕಿತ್ತು.

ನಮ್ಮ ಗದ್ದೆ ತಿ. ನರಸೀಪುರದ ಹತ್ತಿರ. ನಾಟಿಗೆ ಮುಂಚೆ ಸೆಣಬು ಬಿತ್ತಿ, ಹೂ ಬಂದಾಗ ಗೊಬ್ಬರಕ್ಕೆಂದು ಉತ್ತು ಮಣ್ಣಿಗೆ ಸೇರಿಸುತ್ತೇವೆ. ಬದುವಿನ ಪಕ್ಕದ ಒಂದು ಪಟ್ಟಿಯನ್ನು ಮಾತ್ರ ಅಜ್ಜಿ ಉಳಲು ಬಿಡುತ್ತಿರಲಿಲ್ಲ. ಅದು ಬಲಿತು ಬೀಜವಾಗಬೇಕು. ಮೂಗೂರಿನ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜದ ವಂಶ ಅದು. ಅಕ್ಕಪಕ್ಕದವರು ಕೇಳಿದರೆ ಬೊಗಸೆ ತುಂಬ ಕೊಡುವುದು ಅವಳ ಹೆಮ್ಮೆ.

ಆ ಪಟ್ಟಿಯ ಮೇಲೆ ಸುಡುಬಿಸಿಲಲ್ಲೇ ಅವು ಹಾರುತ್ತಿದ್ದವು. ಕೆನೆಬಿಳಿ ರೆಕ್ಕೆ, ಅದರ ತುಂಬ ಕೆಂಪು ಬೊಟ್ಟು, ಮಧ್ಯೆ ಕಪ್ಪು ಚುಕ್ಕೆ.

“ಚಿಟ್ಟೆ ಅಲ್ಲ ಕಣವ್ವ ಅದು. ಕೂತಿರೋದ್ ನೋಡು, ರೆಕ್ಕೇನ ಕಂಬಳಿ ಅಂಗೆ ಒದ್ಕೊಂಡದೆ.”

“ಹಗಲಲ್ಲಿ ಹಾರುತ್ತಲ್ಲಜ್ಜಿ? ಚಿಟ್ಟೇನೇ. ಮುಗೀತು.”

“ಮುಗೀತು ಅನ್ನಕ್ಕೆ ನೀನೇನ್ ಜಡ್ಜಾ?”

ಅಲ್ಲಿಗೆ ಬಿಡಬಹುದಿತ್ತು. ನಾನು ಒಂದು ಕಾಯಿ ಸೀಳಿದೆ. ಒಳಗೆ ಬಿಳಿ ಪಟ್ಟೆ, ಕಿತ್ತಳೆ ಮಚ್ಚೆಯ ಕಪ್ಪು ಹುಳ. ಬೀಜ ಅರ್ಧ ಖಾಲಿ.

“ಅವಕ್ಕೂ ಒಂದ್ ಪಾಲು,” ಎಂದಳು ಅಜ್ಜಿ. “ಕಹಿ ತಿಂದು ಬೆಳೀತವೆ. ಕಾಗೇನೂ ಮುಟ್ಟಾಕಿಲ್ಲ.”

“ಪುರಾವೆ?”

“ಕಾಗೇನೇ ಕೇಳೋಗು.”

ನಾನು ಕೇಳಲು ಹೋದದ್ದು ಚಿಕ್ಕಪ್ಪನ ಹತ್ತಿರ. ಹುಳ ನಾಳೆ ಭತ್ತಕ್ಕೆ ಹತ್ತುತ್ತದೆ, ಬೀಜ ಅಂಗಡಿಯಲ್ಲಿ ಸಿಗುತ್ತದೆ, ಪಾಲು ಬಿಡುವುದು ಮೂಢನಂಬಿಕೆ ಎಂದು ಮಂಡಿಸಿದೆ. ಮೊದಲನೆಯದು ಬರೀ ನನ್ನ ಊಹೆ, ಆದರೆ ಅದನ್ನೇ ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಿದೆ. ಟ್ರ್ಯಾಕ್ಟರ್ ತಿರುಗಿಸಲು ಆ ಪಟ್ಟಿ ಅಡ್ಡವೆಂದು ಮೊದಲೇ ಗೊಣಗುತ್ತಿದ್ದ ಚಿಕ್ಕಪ್ಪನಿಗೆ ಒಂದು ನೆಪ ಸಿಕ್ಕಿತು. ಅಜ್ಜಿ ಬನ್ನೂರಿಗೆ ಹೋಗಿದ್ದ ದಿನ ಉತ್ತುಬಿಟ್ಟರು. ಕಾಯಿ ಇನ್ನೂ ಹಸಿರಾಗಿತ್ತು. ಮನೆಯಲ್ಲಿ ಹಳೆಯ ಬೀಜ ಒಂದು ಹಿಡಿಯೂ ಉಳಿದಿರಲಿಲ್ಲ.

ಓದಿದ್ದು ಆಮೇಲೆ. ಅದು ಪತಂಗವೇ, ಹಗಲು ಹಾರುವ ಜಾತಿ. ಆಫ್ರಿಕಾದಲ್ಲಿದೆ, ಯುರೋಪಿನ ದಕ್ಷಿಣದಲ್ಲಿದೆ, ನಮ್ಮ ಬದುವಿನ ಮೇಲೂ ಇದೆ. ಎಲೆಯ ಮೇಲೆ ಮೊಟ್ಟೆ. ಮರಿಹುಳ ಸೆಣಬಿನ ಕಾಯಿಯ ವಿಷವನ್ನೇ ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಉದುರಿದ ಎಲೆಗಳ ನಡುವೆ ತೆಳ್ಳಗೆ ಗೂಡು ನೇಯ್ದು ಕೋಶವಾಗುತ್ತದೆ, ಆಮೇಲೆ ಬೊಟ್ಟಿನ ರೆಕ್ಕೆ. ಆ ವಿಷಕ್ಕೇ ಹಕ್ಕಿಗಳು ಅದನ್ನು ಉಗಿಯುತ್ತವೆ. ಭತ್ತದ ಕಡೆ ಅದು ಮುಖ ಹಾಕುವುದಿಲ್ಲ.

ಮರುವರ್ಷ ಅಂಗಡಿಯ ಬೀಜ ಬಿತ್ತಿದೆವು. ಗಿಡ ಬಂತು, ಪತಂಗವೂ ಬಂತು. ನೋಡಿ, ಏನೂ ಹಾಳಾಗಲಿಲ್ಲ ಎಂದು ಈಗಲೂ ವಾದ ಹೂಡಬಲ್ಲೆ. ಆದರೆ ಆ ವರ್ಷ ಪಕ್ಕದ ಗದ್ದೆಯ ಹೆಂಗಸು ಎಂದಿನಂತೆ ಬೀಜ ಕೇಳಿಕೊಂಡು ಬಂದಳು.

“ಅಂಗಡೀಲಿ ಸಿಕ್ತದಂತೆ ಕಣವ್ವ,” ಎಂದಳು ಅಜ್ಜಿ. “ಓದಿರೋಳು, ನಮ್ಮುಡುಗಿ ಯೋಳ್ತಾಳೆ.”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುತ್ತಿದ್ದೆ.